ಕ್ರೈಸ್ತ ಗೃಹದಲ್ಲಿ ಯುಗಾದಿ: ಒಂದು ದೈವಶಾಸ್ತ್ರೀಯ ವಿವೇಚನೆ

ಯುಗಾದಿಯಂದು ಕ್ರೈಸ್ತ ಕುಟುಂಬವೊಂದು ತನ್ನ ಮನೆಬಾಗಿಲಿಗೆ ಮಾವಿನ ತೋರಣ ಕಟ್ಟಬಹುದೇ? ಬೇವು ಮಾಡಿ ಮನೆಮಂದಿಯೆಲ್ಲ ಕುಡಿಯಬಹುದೇ? ದೀಕ್ಷಾಸ್ನಾನ ಪಡೆಯದ ಅಣ್ಣತಮ್ಮಂದಿರ ಮನೆಯಿಂದ ಬಂದ ಹೋಳಿಗೆಯನ್ನು ಉಣ್ಣಬಹುದೇ? ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಸೇವೆ ಸಲ್ಲಿಸುವ ಗುರುಗಳಿಗೆ ಈ ಪ್ರಶ್ನೆಗಳು ಹೊಸವಲ್ಲ. ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರವನ್ನು ಜನರು ನಮ್ಮಿಂದ ನಿರೀಕ್ಷಿಸುತ್ತಾರೆ. ಅಂತಹ ಉತ್ತರ ಕೊಡುವುದಕ್ಕೆ ಮುಂಚೆ ಪ್ರಶ್ನೆಯೊಳಗೆ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ವಸಂತದ ಹೊಸ್ತಿಲಲ್ಲಿ ನಮ್ಮ ಭಾಗದಲ್ಲಿ ಎರಡು ಹಬ್ಬಗಳು ಬರುತ್ತವೆ: ಫಾಲ್ಗುಣದ ಹೋಳಿ ಹುಣ್ಣಿಮೆ ಮತ್ತು ಚೈತ್ರದ ಪಾಡ್ಯದಂದು ಯುಗಾದಿ. ಹೋಳಿಯು ಬೀದಿಯ ಹಬ್ಬ. ಓಣಿಯ ಜನರೆಲ್ಲ ಕೂಡಿ ಕಾಮನನ್ನು ಸುಟ್ಟು ಬಣ್ಣವಾಡುತ್ತಾರೆ. ಯುಗಾದಿಯಾದರೋ ಮನೆಯ ಹಬ್ಬ. ಮನೆ ಸಾರಿಸುವುದು, ತೋರಣ ಕಟ್ಟುವುದು, ಬೇವಿನೆಲೆ ಹಾಕಿದ ನೀರಿನಲ್ಲಿ ಮೀಯುವುದು, ಬೇವಿನ ಹೂ, ಹುಣಸೆ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು ಸೇರಿಸಿ ಬೇವು ಕಲಸುವುದು, ಹೋಳಿಗೆ ಮಾಡುವುದು, ಇವೆಲ್ಲವೂ ನಡೆಯುವುದು ಹೊಸ್ತಿಲೊಳಗೆ. ಆದಕಾರಣ ಯುಗಾದಿಯ ಪ್ರಶ್ನೆಯು ಮೊದಲು ಗೃಹಸಭೆಯ ಪ್ರಶ್ನೆ. ಕುಟುಂಬವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯು 'ಲೂಮೆನ್ ಜೆಂತಿಯುಮ್' ಎಂಬ ಸಂವಿಧಾನದ 11ನೆಯ ವಿಧಿಯಲ್ಲಿ ಗೃಹಸಭೆ ಎಂದು ಗುರುತಿಸಿದೆ. 2020ರಲ್ಲಿ ಯುಗಾದಿಯು ಮಾರ್ಚ್ 25ರಂದು, ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನದಂದೇ ಬಂದಾಗ, ಅದೇ ದಿನದ ಮಂಗಳವಾರ್ತೆಯ ಮಹೋತ್ಸವಕ್ಕೂ ಯುಗಾದಿಗೂ ಮನೆಯ ಹೊರತು ಬೇರೆ ಜಾಗವಿರಲಿಲ್ಲ ಎಂಬುದನ್ನು ನಾವು ನೆನೆಯಬಹುದು.

ಧರ್ಮಸಭೆಯ ಹಳೆಯ ಅಳತೆಗೋಲು

ಇತರ ಧರ್ಮಗಳ ಆಚರಣೆಗಳನ್ನು ಕುರಿತು ಲತೀನ್ ಭಾಷೆಯ 'ಪಗಾನುಸ್' ಎಂಬ ಪದವನ್ನು ಪ್ರಾಚೀನ ಕ್ರೈಸ್ತರು ಬಳಸಿದರು. ಆ ಪದದ ಮೂಲಾರ್ಥ ಹಳ್ಳಿಗ ಎಂದಷ್ಟೆ. ನಗರಗಳು ಕ್ರೈಸ್ತವಾದ ಬಳಿಕವೂ ಹೊಲಗದ್ದೆಗಳ ಜನರು ಬಿತ್ತನೆ, ಸುಗ್ಗಿ, ಮಳೆಗಳನ್ನು ಅನುಸರಿಸಿದ ಹಳೆಯ ಹಬ್ಬಗಳನ್ನು ಬಿಡಲಿಲ್ಲ. ಅಂದಿನಿಂದಲೂ ಧರ್ಮಸಭೆಯ ಮುಂದಿರುವುದು ಈ ಹಳ್ಳಿಗನ ಹಬ್ಬವನ್ನು ಏನು ಮಾಡಬೇಕು ಎಂಬ ಪ್ರಶ್ನೆಯೇ.

601ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ಮಠಾಧಿಪತಿ ಮೆಲ್ಲಿತುಸರ ಮೂಲಕ ಇಂಗ್ಲೆಂಡಿನಲ್ಲಿದ್ದ ಅಗಸ್ಟಿನರಿಗೆ ಕಳುಹಿಸಿದ ಸೂಚನೆ ಇದಕ್ಕೆ ಪ್ರಸಿದ್ಧ ಉತ್ತರ. ಆ ಪತ್ರವನ್ನು ಸಂತ ಬೀಡರು ತಮ್ಮ ಇತಿಹಾಸಗ್ರಂಥದಲ್ಲಿ ಉಳಿಸಿಕೊಟ್ಟಿದ್ದಾರೆ. ಗುಡಿಗಳನ್ನು ಕೆಡವಬೇಡಿ, ಮೂರ್ತಿಗಳನ್ನು ಮಾತ್ರ ತೆಗೆಯಿರಿ; ಜನರು ಎತ್ತುಗಳನ್ನು ಕೊಯ್ದು ಮಾಡುತ್ತಿದ್ದ ಔತಣವನ್ನು ನಿಲ್ಲಿಸಬೇಡಿ, ದೇವಾಲಯದ ಪ್ರತಿಷ್ಠಾಪನೆಯ ದಿನದಂದು ದೇವರಿಗೆ ಕೃತಜ್ಞತೆಯಾಗಿ ಮಾಡಿಸಿರಿ ಎಂಬುದು ಅದರ ಸಾರಾಂಶ. ಎತ್ತರಕ್ಕೆ ಏರುವವನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆಯೇ ಹೊರತು ಒಮ್ಮೆಗೇ ನೆಗೆಯುವುದಿಲ್ಲ ಎಂಬ ಮಾನವಸ್ವಭಾವದ ಅರಿವು ಅಲ್ಲಿದೆ.

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಮದುರೈಯಲ್ಲಿ ಎದ್ದಿತು. 1606ರಲ್ಲಿ ಅಲ್ಲಿಗೆ ಬಂದ ಯೇಸುಸಭೆಯ ರೊಬೆರ್ತೊ ದೆ ನೊಬಿಲಿಯವರು ಜನಿವಾರ, ಶಿಖೆ, ಗಂಧ, ಸ್ನಾನ ಮುಂತಾದುವು ಸಾಮಾಜಿಕ ಆಚಾರಗಳೇ ಹೊರತು ಆರಾಧನೆಯಲ್ಲವೆಂದು ವಾದಿಸಿದರು. 1623ರಲ್ಲಿ 15ನೆಯ ಗ್ರೆಗೊರಿಯವರು ಮೂಢನಂಬಿಕೆಯ ಅಂಶ ಬಿಟ್ಟು ಅವನ್ನು ಉಳಿಸಿಕೊಳ್ಳಲು ಅನುಮತಿಯಿತ್ತರು. ಮುಂದೆ 1744ರಲ್ಲಿ 14ನೆಯ ಬೆನೆಡಿಕ್ಟರು ಬಿಗಿ ಕಟ್ಟಳೆಗಳನ್ನು ವಿಧಿಸಿದರು; ಅವನ್ನು ಪಾಲಿಸುವುದಾಗಿ ಧರ್ಮಪ್ರಚಾರಕರು ಮಾಡಬೇಕಿದ್ದ ಪ್ರಮಾಣವಚನವು ಭಾರತದಲ್ಲಿ 1940ರವರೆಗೂ ಉಳಿದಿತ್ತು. ಮಹಾಸಭೆಯು 1963ರಲ್ಲಿ 'ಸಾಕ್ರೊಸಾಂಕ್ತುಮ್ ಕೊನ್ಸಿಲಿಯುಮ್' ಸಂವಿಧಾನದ 37ನೆಯ ವಿಧಿಯಲ್ಲಿ ಈ ವಿವಾದದ ಫಲವನ್ನು ನೆಲೆಗೊಳಿಸಿತು: ಜನಜೀವನದಲ್ಲಿ ಮೂಢನಂಬಿಕೆ, ಅಸತ್ಯಗಳೊಂದಿಗೆ ಬಿಡಿಸಲಾರದಂತೆ ಹೆಣೆದುಕೊಂಡಿರದ ಎಲ್ಲವನ್ನೂ ಧರ್ಮಸಭೆ ಆದರದಿಂದ ಪರಿಶೀಲಿಸುತ್ತದೆ, ಸಾಧ್ಯವಾದರೆ ಉಳಿಸಿಕೊಳ್ಳುತ್ತದೆ. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದಂದು, ಹೊಸ ತೆನೆಯನ್ನು ಆಶೀರ್ವದಿಸಿ ಮನೆಯಲ್ಲಿ ಸಸ್ಯಾಹಾರದ ಊಟ ಮಾಡುವ ಮೊಂತಿ ಹಬ್ಬ ಈ ಮಾರ್ಗದ ಉತ್ತಮ ನಿದರ್ಶನ.

ಈ ಅಳತೆಗೋಲಿನಿಂದ ಯುಗಾದಿಯನ್ನು ಅಳೆದರೆ ಬಹುಭಾಗ ಸುಲಭವಾಗಿ ಬಗೆಹರಿಯುತ್ತದೆ. ತೋರಣ, ಮೀಯುವುದು, ಹೊಸ ಬಟ್ಟೆ, ಬೇವು, ಹೋಳಿಗೆ, ಹಿರಿಯರ ಕಾಲಿಗೆ ಬೀಳುವುದು, ನೆರೆಯವರಿಗೆ ಹಬ್ಬದೂಟ ಕೊಡುವುದು ಋತುವಿನ, ಕುಟುಂಬದ ಆಚಾರಗಳು. ಮನೆದೇವರಿಗೆ ಎಡೆ ಹಿಡಿಯುವುದು, ಪಂಚಾಂಗದ ಪೂಜೆ ಆರಾಧನೆಗೆ ಸೇರಿದವು; ದೀಕ್ಷಾಸ್ನಾನ ಪಡೆದವರು ಅವುಗಳಲ್ಲಿ ಪಾಲ್ಗೊಳ್ಳುವಂತಿಲ್ಲ. ತಿಥಿ ನೋಡಲು ಪಂಚಾಂಗ ಬಳಸುವುದರಲ್ಲಿ ದೋಷವಿಲ್ಲ. ಅದರಿಂದ ರಾಶಿಫಲ ಕೇಳುವುದನ್ನು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2116ನೆಯ ಪರಿಚ್ಛೇದದಲ್ಲಿ ನಿರಾಕರಿಸುತ್ತದೆ.

ಬಂಧುಗಳ ಮನೆಯ ಊಟದ ವಿಷಯವನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಸ್ಪಷ್ಟಪಡಿಸಿದ್ದಾರೆ. ಆಹಾರ ತಾನಾಗಿ ನಮ್ಮನ್ನು ದೇವರಿಂದ ದೂರ ಮಾಡದು. ವಿಗ್ರಹಾರಾಧನೆಯ ಪಂಕ್ತಿಯಲ್ಲಿ ಪಾಲುಗೊಳ್ಳುವಂತಿಲ್ಲ. ಕರೆದವರ ಮನೆಯಲ್ಲಿ ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಬಹುದು. ಆದರೆ ಇದು ನೈವೇದ್ಯವೆಂದು ಯಾರಾದರೂ ಎತ್ತಿ ಹೇಳಿದರೆ ಹೇಳಿದವರ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕು. ಒಂದೇ ಒಲೆಯ ಸುತ್ತ ಎರಡು ಧರ್ಮಗಳಿರುವ ಮನೆಗಳಿಗೆ ಇದು ಬಹಳ ಉಪಯುಕ್ತ ಬೋಧೆ. ಎಡೆ ಹಿಡಿಯುವುದಕ್ಕೆ ಮೊದಲೇ ಒಂದು ಪಾಲು ತೆಗೆದಿಡುವಂತೆ ಸೊಸೆಯು ಅತ್ತೆಯವರನ್ನು ವಿನಯದಿಂದ ಕೇಳಿಕೊಂಡರೆ ಬಹಳಷ್ಟು ಮನೆಗಳಲ್ಲಿ ಜಗಳಕ್ಕೆ ಅವಕಾಶವೇ ಇರದು.

ಅಳತೆಗೋಲಿಗೆ ಸಿಗದ ಸಂಗತಿ

ಇಲ್ಲಿಗೇ ನಿಂತರೆ ರಾಯಚೂರು ಜಿಲ್ಲೆಯ ಯುಗಾದಿಯ ಅರ್ಧ ಭಾಗವನ್ನು ಮಾತ್ರ ನಾವು ಕಂಡಂತಾಗುತ್ತದೆ. ಆರಾಧನೆಯೋ ಆಚಾರವೋ ಎಂಬ ಹಳೆಯ ಪ್ರಶ್ನೆಗೆ ಎಟುಕದ ಇನ್ನೊಂದು ಸಂಗತಿ ಆ ಹಬ್ಬದಲ್ಲಿದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆಯಲ್ಲಿ ಕ್ರೈಸ್ತವಿಶ್ವಾಸದ ಇತಿಹಾಸ ಚಿಕ್ಕದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಶತಮಾನಗಳಷ್ಟು ಹಳೆಯ ಕಥೋಲಿಕ ಸಮುದಾಯವಿದೆ. ಜಿಲ್ಲೆಯು ಇಂದು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದೆ. ಮೆಥೊಡಿಸ್ಟ್ ಸಭೆಯ ಸಹೋದರರೂ ಇಲ್ಲಿದ್ದಾರೆ. ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಕ್ರಿಸ್ತನನ್ನು ನಂಬಿದ ಕುಟುಂಬಗಳಲ್ಲಿ ಬಹುಪಾಲು ದಲಿತ ಕೇರಿಗಳಿಂದ ಬಂದವು. ಆ ಕೇರಿಯ ಹಿರಿಯರಿಗೆ ಯುಗಾದಿ ಎಂದರೆ ಬೇವುಬೆಲ್ಲ ಮಾತ್ರವಲ್ಲ, ಜೀತದ ಲೆಕ್ಕದ ದಿನವೂ ಹೌದು. ವರ್ಷದ ಆಳಿನ ಕರಾರು ಯುಗಾದಿಯಿಂದ ಯುಗಾದಿಗೆ ನಡೆಯುತ್ತಿತ್ತು. ಹಬ್ಬದ ಹೊತ್ತಿಗೆ ಗೌಡರ ಮನೆಯಲ್ಲಿ ಲೆಕ್ಕ ನೋಡಿದರೆ ಸಾಲ ತೀರಿರುತ್ತಿರಲಿಲ್ಲ. ಬಾಕಿಯು ಮುಂದಿನ ವರ್ಷದ ದುಡಿಮೆಯ ಮೇಲೆ ಬೀಳುತ್ತಿತ್ತು. ತಂದೆಯ ಬದಲು ಮಗ ನಿಲ್ಲುವುದೂ ಇತ್ತು. ಒಂದು ಮನೆಯಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದ ದಿನವೇ ಇನ್ನೊಂದು ಮನೆಯಲ್ಲಿ ಹಳೆಯ ಬಂಧನ ಮತ್ತೆ ಮೊದಲಾಗುತ್ತಿತ್ತು.

ಈ ಕರಾರಿನಲ್ಲಿ ವಿಗ್ರಹವಿರಲಿಲ್ಲ, ಮಂತ್ರವಿರಲಿಲ್ಲ. 1623ರ ಅಳತೆಗೋಲಿನ ಪ್ರಕಾರ ಅದು ಶುದ್ಧ ಸಾಮಾಜಿಕ ಆಚಾರ! ಆದರೆ ಶುಭಸಂದೇಶದ ದೃಷ್ಟಿಯಲ್ಲಿ ಇಡೀ ಹಬ್ಬದಲ್ಲಿ ಇದಕ್ಕಿಂತ ಹೆಚ್ಚು ವಿರೋಧಿಸಬೇಕಾದ ಅಂಶ ಮತ್ತೊಂದಿಲ್ಲ. ದೆ ನೊಬಿಲಿಯವರ ಮಾರ್ಗದ ಕೊರತೆ ಕಾಣಿಸಿಕೊಂಡದ್ದೂ ಇಲ್ಲಿಯೇ. ಸಾಮಾಜಿಕ ಆಚಾರವೆಂಬ ಹೆಸರಿನಲ್ಲಿ ಜಾತಿಭೇದವೂ ದೇವಾಲಯದೊಳಕ್ಕೆ ನುಸುಳಿತು. ಮೇಲ್ಜಾತಿಯವರಿಗೊಬ್ಬರು, ಉಳಿದವರಿಗೊಬ್ಬರು ಎಂಬಂತೆ ಗುರುಗಳನ್ನೇ ಬೇರ್ಪಡಿಸುವ ಸ್ಥಿತಿ ಬಂತು. ವಸಂತಕ್ಕೆ ಮುಂಚಿನ ಭಾರತ ಹುಣ್ಣಿಮೆಯಂದು ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದ ಪದ್ಧತಿಯನ್ನೂ ಜನರು ಆಚಾರವೆಂದೇ ಕರೆಯುತ್ತಿದ್ದರು. ದೇವದಾಸಿ ಸಮರ್ಪಣೆಯನ್ನು ಕರ್ನಾಟಕದ 1982ರ ಕಾಯಿದೆಯೂ ಜೀತವನ್ನು 1976ರ ಕೇಂದ್ರ ಕಾಯಿದೆಯೂ ನಿಷೇಧಿಸಿವೆ.

ಆದುದರಿಂದ ನಮ್ಮ ವಿವೇಚನೆಗೆ ಇನ್ನೊಂದು ಪ್ರಶ್ನೆ ಬೇಕು: ಈ ಹಬ್ಬದಲ್ಲಿ ಸ್ವತಂತ್ರನಾಗಿರುವವನು ಯಾರು, ಇತರರಿಗಾಗಿ ದುಡಿಯುತ್ತಿರುವವನು ಯಾರು? ಸಂತ ಪೌಲರೇ ಇದಕ್ಕೆ ಆಧಾರ. ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ದಿನಗಳನ್ನು ಆಚರಿಸುವವನು ಪ್ರಭುವಿಗಾಗಿ ಆಚರಿಸಲಿ ಎಂದು ಉದಾರವಾಗಿ ಬಿಟ್ಟುಕೊಡುವ ಅವರೇ, ಗಲಾತ್ಯರು ದಿನ, ತಿಂಗಳು, ಋತುಗಳನ್ನು ಆಚರಿಸುವುದನ್ನು ಕಂಡು ಕಳವಳಪಡುತ್ತಾರೆ. ಕಳವಳಕ್ಕೆ ಕಾರಣವನ್ನೂ ಅಲ್ಲಿಯೇ, 4ನೆಯ ಅಧ್ಯಾಯದಲ್ಲಿ, ಹೇಳಿದ್ದಾರೆ: ಬಿಡುಗಡೆ ಹೊಂದಿದವರು ಮರಳಿ ದಾಸ್ಯಕ್ಕೆ ಸಿಲುಕಬಾರದು.

ಅದೇ ಅಮಾವಾಸ್ಯೆ, ಬೇರೊಂದು ನೆನಪು

ಪವಿತ್ರಗ್ರಂಥದಲ್ಲಿ ವಸಂತದ ಹಬ್ಬ ಬಿಡುಗಡೆಯ ಹಬ್ಬವಾದ ಬಗೆಯನ್ನು ವಿಮೋಚನಾಕಾಂಡದ 12ನೆಯ ಅಧ್ಯಾಯ ವಿವರಿಸುತ್ತದೆ. ಈಜಿಪ್ಟಿನಲ್ಲಿ ದಾಸರಾಗಿದ್ದ ಇಸ್ರಯೇಲರಿಗೆ ದೇವರು ಮೊತ್ತಮೊದಲು ಕೊಟ್ಟದ್ದು ಒಂದು ಪಂಚಾಂಗ: ಈ ತಿಂಗಳು ಅವರಿಗೆ ವರ್ಷದ ಮೊದಲ ತಿಂಗಳಾಗಬೇಕು. ದಾಸನ ಕಾಲವು ಯಜಮಾನನ ಕೈಯಲ್ಲಿರುತ್ತದೆ. ಕಾಲವನ್ನು ಎಣಿಸುವ ಹಕ್ಕೇ ಬಿಡುಗಡೆಯ ಮೊದಲ ಗುರುತು. ಆ ತಿಂಗಳಿಗೆ ಆಬೀಬ್, ಅಂದರೆ ಜವೆಗೋಧಿಯ ಹಸಿರು ತೆನೆಯ ತಿಂಗಳು, ಎಂದು ಹೆಸರು. ಮುಂದೆ ಅದು ನಿಸಾನ್ ಎನಿಸಿತು. ಕುರಿಗಾಹಿಗಳ ಮತ್ತು ಬೇಸಾಯಗಾರರ ಹಳೆಯ ವಸಂತೋತ್ಸವಗಳ ಆಚರಣೆಗಳೇ ಪಾಸ್ಖ ಹಬ್ಬದಲ್ಲಿ ಹೊಸ ಅರ್ಥ ಪಡೆದವೆಂದು ಅನೇಕ ಬೈಬಲ್ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಕುರಿಮರಿ, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ಇವೆಲ್ಲ ಅಡುಗೆಮನೆಯ ವಸ್ತುಗಳೇ. ಅವು ದಾಸ್ಯದ ಮನೆಯಿಂದ ಹೊರಬಂದ ನೆನಪನ್ನು ಹೊತ್ತುಕೊಂಡವು.

ನಿಸಾನ್ ಮತ್ತು ಚೈತ್ರ ಎರಡೂ ವಸಂತದ ಅಮಾವಾಸ್ಯೆಯಿಂದ ಲೆಕ್ಕ ಹಾಕುವ ತಿಂಗಳುಗಳು. 2025ರಲ್ಲಿ ನಿಸಾನ್ ತಿಂಗಳ ಮೊದಲ ದಿನವೂ ಯುಗಾದಿಯೂ ಮಾರ್ಚ್ 30ರಂದೇ ಬಂದವು. 2026ರಲ್ಲಿ ಎರಡಕ್ಕೂ ದಿನ ಮಾರ್ಚ್ 19. ಹುಣ್ಣಿಮೆಯ ನಂತರದ ಭಾನುವಾರ ನಮ್ಮ ಪುನರುತ್ಥಾನ ಹಬ್ಬವಾದುದರಿಂದ ಯುಗಾದಿಯು ಅನೇಕ ವರ್ಷಗಳಲ್ಲಿ ತಪಸ್ಸುಕಾಲದ ನಾಲ್ಕನೆಯ ವಾರದಲ್ಲಿ ಬೀಳುತ್ತದೆ. 2022, 2023, 2025, 2026 ಈ ನಾಲ್ಕೂ ವರ್ಷಗಳಲ್ಲಿ ಹೀಗೆಯೇ. ಅಧಿಕಮಾಸದ ಲೆಕ್ಕದ ವ್ಯತ್ಯಾಸದಿಂದ 2021 ಮತ್ತು 2024ರಲ್ಲಿ ಅದು ಪುನರುತ್ಥಾನ ಕಾಲದಲ್ಲಿ ಬಂದಿತು. 2025ರ ಯುಗಾದಿ ತಪಸ್ಸುಕಾಲದ ನಾಲ್ಕನೆಯ ಭಾನುವಾರವೇ ಆಗಿತ್ತು. ಆನಂದದ ಭಾನುವಾರವೆನಿಸಿದ ಆ ದಿನದ ಮೊದಲ ವಾಚನ ಯೆಹೋಶುವನ ಗ್ರಂಥದ 5ನೆಯ ಅಧ್ಯಾಯದ್ದು: ಈಜಿಪ್ಟಿನ ಅವಮಾನವನ್ನು ದೇವರು ತೊಲಗಿಸಿದ್ದು, ಜನರು ಗಿಲ್ಗಾಲಿನಲ್ಲಿ ಪಾಸ್ಖವನ್ನು ಆಚರಿಸಿ ಮೊದಲ ಬಾರಿಗೆ ತಮ್ಮದೇ ನೆಲದ ಬೆಳೆಯನ್ನು ಉಂಡದ್ದು. ಜೀತದ ನೆನಪುಳ್ಳ ಕುಟುಂಬಕ್ಕೆ ಯುಗಾದಿಯಂದು ಓದಲು ಇದಕ್ಕಿಂತ ತಕ್ಕ ವಾಚನವನ್ನು ನಾವು ಹುಡುಕಬೇಕಾಗಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಯುಗಾದಿಯು ನಿಜವಾಗಿ ಪಾಸ್ಖವೇ ಎಂದು ನಾವು ಬೋಧಿಸಬಾರದು. ಬ್ರಹ್ಮನು ಸೃಷ್ಟಿಯನ್ನು ಆರಂಭಿಸಿದ ದಿನವೆಂದು ನಂಬಿ ಆಚರಿಸುವ ನೆರೆಯವರ ಹಬ್ಬವನ್ನು ಅವರಿಂದ ಕಿತ್ತುಕೊಳ್ಳುವುದು 'ನೋಸ್ತ್ರಾ ಎತಾತೆ' ಬೋಧಿಸಿದ ಗೌರವಕ್ಕೆ ತಕ್ಕುದಲ್ಲ. ಹಾಗೆಯೇ ಬೇವು ಸಂಸ್ಕಾರವಲ್ಲ. ಅದು ಮನೆಯ ಪಾನಕ. ಪರಮಪ್ರಸಾದದ ಛಾಯೆಯನ್ನು ಅದಕ್ಕೆ ಕೊಡಬಾರದು. ಕಹಿ ಸೊಪ್ಪು ಇಸ್ರಯೇಲರ ಮಕ್ಕಳಿಂದ ಪ್ರಶ್ನೆ ಹುಟ್ಟಿಸಿದಂತೆ ಬೇವು ನಮ್ಮ ಮಕ್ಕಳಿಂದಲೂ ಪ್ರಶ್ನೆ ಹುಟ್ಟಿಸಿದರೆ ಸಾಕು.

ಮನೆಯಲ್ಲಿ ಆಚರಿಸುವ ಬಗೆ

ಇಷ್ಟರ ಮೇಲೆ ಕುಟುಂಬಗಳಿಗೆ ನಾವು ಏನನ್ನು ಸೂಚಿಸಬಹುದು? ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ಸಿದ್ಧ ಮಾದರಿಯೊಂದನ್ನು ಕೊಡುತ್ತದೆ. ಪ್ರಥಮ ಫಲದ ಬುಟ್ಟಿ ಹಿಡಿದು ಬಂದ ರೈತನು ಮೊದಲು ತನ್ನ ಪೂರ್ವಜರ ಅಲೆದಾಟವನ್ನೂ ದಾಸ್ಯವನ್ನೂ ದೇವರು ಬಿಡಿಸಿದ್ದನ್ನೂ ಹೇಳುತ್ತಾನೆ, ಬಳಿಕ ಪರದೇಶಿಯನ್ನೂ ಕೂಡಿಸಿಕೊಂಡು ಸಂತೋಷಪಡುತ್ತಾನೆ. ಕೃತಜ್ಞತೆ, ನೆನಪು, ಪಂಕ್ತಿ ಎಂಬ ಮೂರು ಅಂಗಗಳು ಇಲ್ಲಿವೆ.

ಕೃತಜ್ಞತೆ: ಬೆಳಿಗ್ಗೆ ಮಿಂದು ಮನೆಮಂದಿ ಶಿಲುಬೆಯ ಮುಂದೆ ದೀಪ ಹಚ್ಚಿ ಕೂಡಲಿ. ಎಣ್ಣೆದೀಪ, ಆರತಿ, ಅಂಜಲಿಬದ್ಧ ನಮಸ್ಕಾರಗಳಿಗೆ ಪೂಜಾವಿಧಿಯಲ್ಲಿಯೇ 1969ರ 12 ಅಂಶಗಳ ಅನುಮತಿಯಿಂದ ಸ್ಥಾನ ದೊರೆತಿದೆ. ಮನೆಯಲ್ಲಿ ಅಂಜಿಕೆ ಬೇಕಿಲ್ಲ. ಜೋಳ, ಹತ್ತಿ, ಭತ್ತ, ಕೂಲಿ, ಸಂಬಳ, ವರ್ಷವಿಡೀ ದೇವರು ಕೊಟ್ಟದ್ದನ್ನು ಹೆಸರಿಸಿ ವಂದಿಸಲಿ. ತಂದೆತಾಯಿ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹರಸಲಿ. ಈ ಆಶೀರ್ವಾದಕ್ಕೆ ಗುರುಗಳು ಬೇಕಾಗಿಲ್ಲ. ತಪಸ್ಸುಕಾಲವಾದರೆ ಹಾಡುಗಳಲ್ಲಿ ಅಲ್ಲೆಲೂಯ ಇರದಿರಲಿ.

ನೆನಪು: ಮೇಲೆ ಹೇಳಿದ ವಾಚನಗಳಲ್ಲೊಂದನ್ನು ಓದಿದ ಮೇಲೆ ಮನೆಯ ಹಿರಿಯರು, ವಿಶೇಷವಾಗಿ ಅಜ್ಜಿಯರು, ಕುಟುಂಬವು ಎಲ್ಲಿಂದ ಬಂದಿತು, ಯಾರ ಹೊಲದಲ್ಲಿ ದುಡಿಯಿತು, ಹೇಗೆ ಬಿಡುಗಡೆಯಾಯಿತು ಎಂಬುದನ್ನು ಮಕ್ಕಳಿಗೆ ಹೇಳಲಿ. ಅದರ ನಂತರ ಬೇವು ಹಂಚಲಿ. ಜೀತದ ಮಾತು ನಾಚಿಕೆಯ ವಿಷಯವೆಂದು ಮರೆಮಾಚುವ ಮನೆಗಳಿವೆ. ಇಸ್ರಯೇಲರು ತಮ್ಮ ದಾಸ್ಯವನ್ನು ವರ್ಷವರ್ಷವೂ ಊಟದ ಮುಂದೆ ಹೇಳಿಕೊಂಡರು ಎಂಬುದನ್ನು ಅವರಿಗೆ ತಿಳಿಸೋಣ. ಈ ನೆನಪು ಇಂದಿನದೂ ಹೌದು. ದೇವದುರ್ಗದ ಹಳ್ಳಿಗಳಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವವರು ಹಬ್ಬಕ್ಕೆ ಊರಿಗೆ ಬಂದಾಗ ಮೇಸ್ತ್ರಿಯ ಮುಂಗಡದ ಲೆಕ್ಕವೂ ಜೊತೆಗೇ ಬರುತ್ತದೆ. ಗಂಡಹೆಂಡಿರು ಕೂತು ಸಾಲದ ಲೆಕ್ಕ ನೋಡುವುದು, ಹೊಸ ಮುಂಗಡಕ್ಕೆ ಕೈಯೊಡ್ಡುವ ಮುನ್ನ ಸಂಘದಲ್ಲೋ ಧರ್ಮಕೇಂದ್ರದಲ್ಲೋ ಸಲಹೆ ಕೇಳುವುದು ಈ ದಿನದ ಭಕ್ತಿಕಾರ್ಯವೇ ಸರಿ. ಸಾಲ ಕೊಟ್ಟ ಸ್ಥಿತಿವಂತ ಕ್ರೈಸ್ತರು ಪ್ರಭು ಕಲಿಸಿದ ಪ್ರಾರ್ಥನೆಯನ್ನು ನೆನೆದು ಏನನ್ನಾದರೂ ಬಿಟ್ಟುಕೊಡಲಿ.

ಪಂಕ್ತಿ: ಹೋಳಿಗೆಯೂಟಕ್ಕೆ ಯಾರು ಕೂಡುತ್ತಾರೆ ಎಂಬುದು ಆಚರಣೆಯ ಪರೀಕ್ಷೆ. ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ತಟ್ಟೆ ಕಳುಹಿಸುವುದು ನಮ್ಮಲ್ಲಿ ಇದ್ದೇ ಇದೆ. ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸಿ, ಮನೆಯ ಊಟಕ್ಕೆ ಮಾತ್ರ ಜಾತಿ ನೋಡುವ ಕ್ರೈಸ್ತರು ನಮ್ಮ ನಡುವೆ ಇಲ್ಲವೆಂದು ಹೇಳಲಾದೀತೇ? ಯುಗಾದಿಯಂದು ಬೇರೆ ಕೇರಿಯ ಕ್ರೈಸ್ತ ಕುಟುಂಬವೊಂದನ್ನು ಊಟಕ್ಕೆ ಕರೆಯುವುದು ತೋರಣಕ್ಕಿಂತ ದೊಡ್ಡ ಸಾಕ್ಷಿ. ಹಲವು ಮನೆಗಳಲ್ಲಿ ಹಬ್ಬದ ಮರುದಿನ ಮಾಂಸದ ಅಡುಗೆಯಾಗುವುದುಂಟು. 2026ರಲ್ಲಿ ಆ ದಿನ ತಪಸ್ಸುಕಾಲದ ಶುಕ್ರವಾರ. ಅಂತಹ ವರ್ಷಗಳಲ್ಲಿ ಆ ಊಟವನ್ನು ಭಾನುವಾರಕ್ಕೆ ಮುಂದೂಡುವಂತೆ ಮೊದಲೇ ತಿಳಿಸುವುದು ಒಳಿತು. ಅದೇ ವರ್ಷದ ಯುಗಾದಿಯು ಸಂತ ಜೋಸೆಫರ ಮಹೋತ್ಸವದ ದಿನವಾಗಿದ್ದು, ಕೈಕೆಲಸದಿಂದ ಮನೆ ನಡೆಸಿದ ಆ ಸಂತರು ಕೂಲಿಕಾರ ಕುಟುಂಬಗಳಿಗೆ ಸಹಜ ಆದರ್ಶ.

ಗುರುಗಳ ಪಾತ್ರ

ಯುಗಾದಿಯನ್ನು ದೇವಾಲಯದ ಕಾರ್ಯಕ್ರಮವಾಗಿ ಮಾಡುವ ಆತುರ ಬೇಡ. ಅದು ಮನೆಯ ಹಬ್ಬವಾಗಿಯೇ ಉಳಿಯಲಿ. ಗುರುಗಳು ಕರೆದಲ್ಲಿಗೆ ಅತಿಥಿಗಳಾಗಿ ಹೋಗಲಿ. ಈ ದಿನವನ್ನು ಆಚರಿಸಲು ಒಪ್ಪದ ಕುಟುಂಬಗಳೂ ಇವೆ. ಹೊಸದಾಗಿ ದೀಕ್ಷಾಸ್ನಾನ ಪಡೆದು ಹಳೆಯದನ್ನೆಲ್ಲ ಬಿಟ್ಟವರೂ, ಜೀತದ ಕಹಿಯಿಂದ ಆ ದಿನವನ್ನೇ ದ್ವೇಷಿಸುವವರೂ ಅವರಲ್ಲಿದ್ದಾರೆ. ಅವರನ್ನು ಸಂಕುಚಿತರೆಂದು ಹಳಿಯುವುದು ತಪ್ಪು; ಒಬ್ಬರನ್ನೊಬ್ಬರು ತೀರ್ಪಿಗೆ ಗುರಿಪಡಿಸಬಾರದೆಂಬ ರೋಮನರ ಪತ್ರದ ಬೋಧೆ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ.

ಗುರುಮಠದಿಂದ ಧರ್ಮಕೇಂದ್ರಗಳಿಗೆ ಹೋಗುವ ಸಹೋದರರಿಗೆ ನಮ್ಮ ಸಲಹೆ ಇಷ್ಟು. ಯುಗಾದಿಗೆ ಹದಿನೈದು ದಿನ ಮುಂಚೆ ಕೇರಿಯ ನಾಲ್ಕಾರು ಮನೆಗಳಿಗೆ ಹೋಗಿ, ಆ ದಿನ ತಮ್ಮ ಬಾಲ್ಯದಲ್ಲಿ ಹೇಗಿತ್ತೆಂದು ಹಿರಿಯರನ್ನು ಕೇಳಿರಿ. ಅವರು ಹೇಳಿದ್ದನ್ನು ಬರೆದುಕೊಳ್ಳಿರಿ. ಬಳಿಕ ವಿಮೋಚನಾಕಾಂಡದ 12ನೆಯ ಅಧ್ಯಾಯವನ್ನು ಅವರೊಂದಿಗೆ ಕುಳಿತು ಓದಿರಿ. ತೋರಣ ಕಟ್ಟಬಹುದೇ ಎಂದು ಕೇಳಲು ಬಂದವರಿಗೆ ಉತ್ತರ ಹೇಳುವ ಅಧಿಕಾರ ಅದಾದ ಮೇಲೆ ನಿಮಗೆ ಬರುತ್ತದೆ.